ರಾಜ್ಯಶಾಸ್ತ್ರಕ್ಕೆ ಇನ್ನೊಬ್ಬರು ಬೇಕು

ಸಂಜೆಯೊಳಗೆ ಇನ್ನೊಬ್ಬ ವಿದ್ಯಾರ್ಥಿ ಸಿಕ್ಕದಿದ್ದರೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರಕ್ಕೆ ಬೀಗ, ರೇಣುಕಪ್ರಸಾದನ ಅತಿಥಿ ಉಪನ್ಯಾಸಕ ಕೆಲಸಕ್ಕೆ ಎಳ್ಳುನೀರು. ಪ್ರವೇಶಕ್ಕೆ ಅಂದೇ ಕೊನೆಯ ದಿನ.

ಪಿಯುಸಿ ಮುಗಿಸಿ ಮನೆಯಲ್ಲಿದ್ದ ಪಕ್ಕದ ಮನೆಯ ಸೌಜನ್ಯಳನ್ನು ಹಿಡಿಯಲು ಬೆಳಿಗ್ಗೆಯೇ ಓಡಿದ. ಅವಳಜ್ಜಿ ಶಿವಮ್ಮ ಅಂಗಳದಲ್ಲಿ ಕಾಳುಮೆಣಸು ಹರಡುತ್ತಿದ್ದಳು.

"ಅದುನ್ನ ಓದಿದ್ರೆ ಏನಾಯ್ತದೆ ಮೇಷ್ಟ್ರೇ?"

"ಅಧಿಕಾರಿ ಆಗಬಹುದಮ್ಮ! ಹಿಂದೆ ಎಷ್ಟೋ ಕಡೆ ಸರ್ಕಾರ ನಡೆಸೋರನ್ನ ತಯಾರು ಮಾಡಕ್ಕೇ ಈ ಪಾಠ ಶುರುವಾಗಿದ್ದು. ಆಮೇಲೆ ಶಾಸ್ತ್ರ ಕಾಲೇಜಲ್ಲೇ ಉಳೀತು, ಅಧಿಕಾರಿಗಳ ತರಬೇತಿ ಬೇರೆ ಮನೆ ಮಾಡ್ತು."

"ಅಣ್ತಮ್ಮಂದ್ರು ಪಾಲಾದಂಗೆ! ಸರಿ, ನಿಮ್ಮ ಪಾಲಿಗೆ ಏನು ಬಂದದೆ ನೋಡಾಣ. ವಾರದಿಂದ ನಲ್ಲೀಲಿ ನೀರಿಲ್ಲ. ಇವತ್ತು ಬಿಡ್ಸಿ, ನಮ್ಮುಡುಗಿನ ಸೇರುಸ್ತೀನಿ."

ಒಳಗಿಂದ ಕೇಳಿಸಿಕೊಳ್ಳುತ್ತಿದ್ದ ಸೌಜನ್ಯ ನಗುತ್ತಾ ಅವನ ಹಿಂದೆಯೇ ಪಂಚಾಯಿತಿ ಕಚೇರಿಗೆ ಹೊರಟಳು. ಅಲ್ಲಿ ಅಧಿಕಾರಿ ದೇರಪ್ಪ ಕೂರಿಸಿ ಕಾಫಿ ಕೊಟ್ಟ. ರೇಣುಕಪ್ರಸಾದ ಸಂವಿಧಾನದಿಂದ ಹೊರಟು ಅಧಿಕಾರ ವಿಕೇಂದ್ರೀಕರಣ ತಲುಪುವಷ್ಟರಲ್ಲಿ ದೇರಪ್ಪನಿಗೆ ಜೋಂಪು ಹತ್ತಿತ್ತು.

"ಭಾರಿ ಚಂದ ಹೇಳ್ತೀರಿ ಮಾರಾಯ್ರೆ. ಆದ್ರೆ ಮೋಟಾರು ಸುಟ್ಟುಹೋಗಿದೆ, ಎಂತ ಮಾಡೋದು? ಮುಂದಿನ ಮೀಟಿಂಗಲ್ಲಿ ನೋಡುವ."

ರೇಣುಕಪ್ರಸಾದ ತಿರುಗಿ ನೋಡಿದರೆ ಸೌಜನ್ಯ ಇಲ್ಲ. ಇವಳೂ ಕೈಬಿಟ್ಟಳಲ್ಲ ಎಂದು ಪಾಪ, ಅವನಿಗೆ ಅಳುವೇ ಬಂತು.

ಅಷ್ಟರಲ್ಲಿ ಹೊರಗೆ ಗದ್ದಲ. ಬೀದಿಯ ಹೆಂಗಸರು, ಹುಡುಗಿಯರೆಲ್ಲ ಖಾಲಿ ಕೊಡ ಹಿಡಿದು ಬಂದಿದ್ದರು, ಮುಂದೆ ಸೌಜನ್ಯ.

"ಸಾರ್, ಮೀಟಿಂಗ್ ಈಗ್ಲೇ ಮಾಡಣ. ಮೆಂಬರ್‌ಗೂ ಫೋನ್ ಮಾಡಿದೀನಿ, ಬರ್ತಾವ್ರೆ," ಎಂದು ಬಾಗಿಲಿಗೆ ಅಡ್ಡ ಕೊಡ ಇಟ್ಟು ಕೂತಳು. ದೇರಪ್ಪನಿಗೆ ಊಟಕ್ಕೆ ಹೋಗಲೂ ದಾರಿಯಿಲ್ಲ. ಮಧ್ಯಾಹ್ನವೇ ಎಲ್ಲಿಂದಲೋ ಬಾಡಿಗೆ ಮೋಟಾರು ಬಂತು. ನಲ್ಲಿ ಮುದುಕನಂತೆ ಕೆಮ್ಮಿ ಕೆಮ್ಮಿ ಕೊನೆಗೂ ನೀರು ಬಿಟ್ಟಿತು.

"ಇದೇನಾ ಸಾರ್ ರಾಜ್ಯಶಾಸ್ತ್ರ? ಹಂಗಾದ್ರೆ ನಾನು ಸೇರ್ತೀನಿ," ಅಂದಳು ಸೌಜನ್ಯ. ಕೊಡ ಹಿಡಿದಿದ್ದ, ಅವಳ ಜೊತೆಗೇ ಪಿಯುಸಿ ಮುಗಿಸಿದ್ದ ಗೆಳತಿಯರೂ "ನಾವೂ" ಎಂದರು.

ಒಬ್ಬಳನ್ನು ಕೇಳಿದವನಿಗೆ ಒಂದು ದಂಡೇ ಸಿಕ್ಕಿತ್ತು. ರೇಣುಕಪ್ರಸಾದ ಎಲ್ಲರನ್ನೂ ಮೆರವಣಿಗೆಯಲ್ಲಿ ಕಾಲೇಜಿಗೆ ಕರೆದೊಯ್ದ. ಪ್ರಾಂಶುಪಾಲೆ ಸುಲೋಚನಮ್ಮನ ಮುಖ ಅರಳಿತು. ಎಲ್ಲರ ಹೆಸರು ಬರೆಸಿಕೊಂಡು ಒಳಗೆ ಹೋಗಿ ಬಂದಳು.

"ಭೇಷ್! ಇಷ್ಟು ಮಕ್ಕಳಾದ್ರೆ ಖಾಯಂ ಅಧ್ಯಾಪಕರನ್ನೇ ಕೊಡ್ತೀವಿ ಅಂದಿದ್ರು ಇಲಾಖೆಯವರು. ಈಗ್ತಾನೆ ಫೋನ್ ಮಾಡ್ದೆ. ಸೋಮವಾರ ಬರ್ತಾರಂತೆ."

"ಮತ್ತೆ ನಾನು, ಮೇಡಂ?"

"ಇಬ್ಬರಿಗೆ ಕೆಲಸ ಎಲ್ಲಿದೆ ರೇಣುಕಪ್ರಸಾದ್?"

ಗೇಟಿನ ಬಳಿ ಅವನು ಕುಸಿದು ಕೂತಿದ್ದಾಗ ಸೌಜನ್ಯ ಬಂದಳು. "ಖಾಯಂ ಆಗಕ್ಕೆ ಪರೀಕ್ಷೆ ಬರೀಬೇಕಲ್ವಾ ಸಾರ್?"

"ಬರ್ದಿದ್ದೆ. ಪಾಸಾಗ್ಲಿಲ್ಲ."

"ಇನ್ನೊಂದ್ಸಲ ಬರೀರಿ. ನಾಳೆಯಿಂದ ನಮ್ಮನೇಲಿ ಕೂತು ಓದಿ, ಪ್ರಶ್ನೆ ನಾನು ಕೇಳ್ತೀನಿ. ಉತ್ತರ ಮಾತ್ರ ಉದ್ದ ಎಳೀಬೇಡಿ."

ಕೆಲಸ ಹೋದ ದುಃಖದಲ್ಲೂ ರೇಣುಕಪ್ರಸಾದನಿಗೆ ನಗು ಬಂತು, ಅದರ ಹಿಂದೆಯೇ ಸ್ವಲ್ಪ ಧೈರ್ಯವೂ ಬಂತು. ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ.

"ಆಯ್ತು ಮೇಡಂ," ಎಂದ.