ಗೂಬೆಗೆ ಬೀಗ

ಆ ಭಾನುವಾರ ಬೆಳಿಗ್ಗೆ ಟೈಲರಮ್ಮ ಕತ್ತರಿಯನ್ನು ಮೇಜಿನ ಮೇಲೆ ಟಪ್ಪನೆ ಇಟ್ಟು ಘೋಷಣೆ ಮಾಡಿದಳು: "ಇವತ್ತಿಂದ ಈ ಮನೆ ನೆಟ್ಟು ನನ್ನ ಕೈಲಿ! ನಾನು ಬಿಟ್ಟರೆ ಬರಬೇಕು, ನಾನು ಹಿಡಿದರೆ ನಿಲ್ಲಬೇಕು!"

ಘೋಷಣೆಯನ್ನು ಕೇಳಿಸಿಕೊಂಡದ್ದು ಹೊಲಿಗೆ ಮೆಷಿನ್ನು, ಅಳತೆ ಟೇಪು ಮತ್ತು ಗೋಡೆ. ಯಾರಿಗೆ ಕೇಳಿಸಬೇಕಿತ್ತೋ ಆ ಮಗಳು ಒಳಕೋಣೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮುಳುಗಿದ್ದಳು. ಹದಿನೈದು ವರ್ಷದ ಹುಡುಗಿ. ಮುಳುಗಿ ಏಳು ತಿಂಗಳಾಗಿತ್ತು.

ಏಳು ತಿಂಗಳ ಹಿಂದೆ ಟೈಲರಮ್ಮನ ಗಂಡ ತೀರಿಕೊಂಡಿದ್ದರು. ಲಿಫ್ಟ್ ರಿಪೇರಿ ಕೆಲಸ ಅವರದು. ಊರಿನ ಅರ್ಧ ಜನರನ್ನು ಮೇಲೆ ಕಳಿಸಿ ಕ್ಷೇಮವಾಗಿ ಕೆಳಗಿಳಿಸಿದವರು, ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ತಾವು ಮೇಲೆ ಹೋದವರು ಇಳಿಯಲೇ ಇಲ್ಲ. ಅಂದಿನಿಂದ ತಾಯಿ ಮಗಳ ಮಾತು ದಿನಕ್ಕೆ ಐದು ಪದಕ್ಕೆ ಬಂದು ನಿಂತಿತ್ತು.

"ಊಟ?"

"ಆಯ್ತು."

"ಸ್ಕೂಲು?"

"ಹ್ಞೂಂ."

"ಮಲಗು."

ಆರನೆಯದು ಬಾಗಿಲು ಹಾಕಿಕೊಳ್ಳುವ ಸದ್ದು.

ಟೈಲರಮ್ಮ ಇದನ್ನು ಬಹಳ ಯೋಚಿಸಿದಳು. ಗಂಡನನ್ನು ದೇವರು ಕಿತ್ತುಕೊಂಡ. ಮಗಳನ್ನು ಕಿತ್ತುಕೊಂಡದ್ದು ಕಪಾಟಿನ ಮೇಲೆ ಹಸಿರು ದೀಪ ಮಿಟುಕಿಸುತ್ತಾ ಕೂತಿರುವ ಆ ರೌಟರ್ ಡಬ್ಬ. ದೇವರ ಹತ್ತಿರ ಜಗಳಕ್ಕೆ ಹೋಗಲಾಗುವುದಿಲ್ಲ. ಡಬ್ಬದ ಹತ್ತಿರ ಹೋಗಬಹುದು! ನೆಟ್ಟು ನಿಂತರೆ ಹುಡುಗಿ ಕೋಣೆಯಿಂದ ಹೊರಗೆ ಬರುತ್ತಾಳೆ, ಎದುರಿಗೆ ಕೂರುತ್ತಾಳೆ, ಬಯ್ಯುವುದಕ್ಕಾದರೂ ಬಾಯಿ ಬಿಡುತ್ತಾಳೆ. ಅಷ್ಟಾದರೆ ಸಾಕಿತ್ತು ಅವಳಿಗೆ.

ಹತ್ತು ಗಂಟೆಗೆ ನೆಟ್ ಕಂಪನಿಯ ಮನುಷ್ಯ ಬಂದ. ಮೀಸೆ ನರೆತಿತ್ತು, ಮೊಣಕಾಲು ನೋವಿತ್ತು, ಏಣಿ ಹತ್ತುವಾಗ ಅಯ್ಯಪ್ಪಾ ಅನ್ನುತ್ತಿದ್ದ. ಟೈಲರಮ್ಮನ ಫೋನು ತೆಗೆದುಕೊಂಡು ಏನೇನೋ ಒತ್ತಿ ವಾಪಸ್ಸು ಕೊಟ್ಟ.

"ನೋಡಿ ತಾಯಿ, ನಿಮ್ಮ ಮನೆಯಲ್ಲಿ ಯಾವ್ಯಾವುದು ನೆಟ್ಟು ಕುಡೀತಾ ಇದೆ ಅಂತ ಎಲ್ಲ ಇಲ್ಲಿ ಬರುತ್ತೆ. ಹೆಸರಿನ ಮುಂದೆ ಬೀಗದ ಚಿತ್ರ ಇದೆಯಲ್ಲ, ಅದನ್ನ ಒತ್ತಿದರೆ ಅದಕ್ಕೆ ಬಂದ್. ಇದಕ್ಕೆ ಪೇರೆಂಟಲ್ ಕಂಟ್ರೋಲ್ ಅಂತಾರೆ."

"ಅಂದ್ರೆ?"

"ಅಂದ್ರೆ ಮನೇಲಿ ಯಾರು ದೊಡ್ಡೋರು ಅಂತ ಡಬ್ಬಕ್ಕೆ ತಿಳಿಸೋದು."

"ಅದು ಬೇಕಾಗಿತ್ತು!" ಎಂದಳು ಟೈಲರಮ್ಮ.

ಅವನು ಹೋದ ಮೇಲೆ ಕನ್ನಡಕ ಹಾಕಿಕೊಂಡು ಪಟ್ಟಿ ಓದಲು ಕೂತಳು. ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷಿನಲ್ಲಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಸರುಗಳು ಕನ್ನಡದಲ್ಲಿದ್ದವು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು.

ಬಾಯಿಬಡುಕ. ಮಹಾರಾಣಿ. ಗೂಬೆ. ಮೇಲೆ-ಕೆಳಗೆ.

ಟೈಲರಮ್ಮನ ಕೈ ನಿಂತಿತು. ಇದು ಗಂಡನದೇ ಕೆಲಸ! ಕಂಡದ್ದಕ್ಕೆಲ್ಲ ಅಡ್ಡಹೆಸರಿಡುವುದು ಅವರ ರೋಗ. ಬಾಯಿಬಡುಕ ಎಂದರೆ ಟೀವಿ, ಬದುಕಿದ್ದಾಗ ಬಾಯಿಬಿಟ್ಟೇ ಹೇಳುತ್ತಿದ್ದರು. ಮೇಲೆ-ಕೆಳಗೆ ಎಂದರೆ ಅವರ ಸ್ವಂತ ಫೋನು, ಬೇರೆ ಯಾರದಾಗಲು ಸಾಧ್ಯ? ಅದರ ಪಕ್ಕದಲ್ಲಿ 'ಈಗ ಸಂಪರ್ಕದಲ್ಲಿಲ್ಲ' ಎಂದು ಬರೆದಿತ್ತು. ಆ ಸಾಲನ್ನು ಅವಳು ಹೆಬ್ಬೆರಳಿನಿಂದ ಮುಚ್ಚಿಕೊಂಡು ಮುಂದಿನದನ್ನು ಓದಿದಳು.

ಉಳಿದದ್ದು ಎರಡು ಹೆಸರು, ಎರಡು ಫೋನು. ಮಹಾರಾಣಿ ಯಾರು, ಗೂಬೆ ಯಾರು?

ಇದಕ್ಕೆ ಪಂಚಾಯ್ತಿ ಬೇಕೆ! ಹಗಲೆಲ್ಲ ಮಂಕಾಗಿ ಕೂತು ಕತ್ತಲಾದ ಮೇಲೆ ಕಣ್ಣು ಬಿಡುವವಳು ಮಗಳು. ಗೂಬೆ ಅವಳೇ. ಹಾಗಾದರೆ ಮಹಾರಾಣಿ...

ಟೈಲರಮ್ಮ ಸೆರಗು ಸರಿಮಾಡಿಕೊಂಡಳು. ಹದಿನೆಂಟು ವರ್ಷ ಸಂಸಾರ ಮಾಡಿದ್ದರು. ಎದುರಿಗೆ ಕರೆದದ್ದು 'ಏಯ್' ಎಂದೋ 'ಕೇಳಿಸ್ತಾ' ಎಂದೋ. ಡಬ್ಬದೊಳಗೆ ಮಾತ್ರ ಗುಟ್ಟಾಗಿ ಮಹಾರಾಣಿ ಎಂದು ಬರೆದಿಟ್ಟು ಹೋಗಿದ್ದಾರೆ, ಕಳ್ಳ! ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮಹಾರಾಣಿಗೆ ತಕ್ಕ ಗತ್ತಿನಲ್ಲಿ ಗೂಬೆಗೆ ಬೀಗ ಜಡಿದಳು. ಎಷ್ಟು ಹೊತ್ತು ಎಂದು ಡಬ್ಬ ಕೇಳಿತು. ಇಪ್ಪತ್ನಾಲ್ಕು ಗಂಟೆ, ವಾರದ ಏಳೂ ದಿನ!

ಇನ್ನು ಹುಡುಗಿ ಓಡಿ ಬರುತ್ತಾಳೆ ಎಂದು ಬಾಗಿಲಿನತ್ತ ಮುಖ ಮಾಡಿ ಕಾದಳು. ಬರಲಿಲ್ಲ. ಸೋಮವಾರ ಬರಲಿಲ್ಲ. ಮಂಗಳವಾರ ಬಾಗಿಲ ಸಂದಿಯಿಂದ ಇಣುಕಿದಳು. ಮಗಳು ಮಂಚದ ಮೇಲೆ ಬೋರಲಾಗಿ ಮಲಗಿ ಫೋನು ನೋಡುತ್ತಿದ್ದಳು.

"ಎಂಥಾ ಹಠ!" ಎಂದು ಟೈಲರಮ್ಮ ದಂಗಾದಳು. "ನೆಟ್ಟಿಲ್ಲದ ಫೋನನ್ನೇ ಮೂರು ದಿನದಿಂದ ನೋಡ್ತಾ ಇದ್ದಾಳಲ್ಲ! ಥೇಟ್ ಅಪ್ಪನೇ!"

ಒಂದು ವಿಷಯ ಅವಳಿಗೆ ತುಸು ವಿಚಿತ್ರವೆನಿಸಿತು. ಮೂರು ದಿನದಿಂದ ಅವಳ ಫೋನಿಗೆ ಒಬ್ಬ ಗಿರಾಕಿಯ ಮೆಸೇಜೂ ಬಂದಿರಲಿಲ್ಲ. ಮನೆ ಬಿಟ್ಟು ಹೊರಗೆ ಹೋಗದವಳು ಎಂದು ಅವಳು ಫೋನಿಗೆ ಬೇರೆ ನೆಟ್ಟು ಹಾಕಿಸಿರಲಿಲ್ಲ. ಬರುವುದೆಲ್ಲ ಡಬ್ಬದಿಂದಲೇ ಬರಬೇಕು. ಜನ ಬಟ್ಟೆ ಹಾಕುವುದನ್ನೇ ಬಿಟ್ಟರೋ ಏನೋ ಅಂದುಕೊಂಡು ಕೈಲಿದ್ದ ಕೆಲಸ ಮುಗಿಸಿದಳು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಎಂಟು ಪರದೆ. ಐದಡಿ ಉದ್ದ. ಅಂಚು ಮಡಿಚಿ, ಇಸ್ತ್ರಿ ಹಾಕಿ, ಮಂಗಳವಾರ ಸಂಜೆ ಕಳಿಸಿಕೊಟ್ಟಳು.

ಬುಧವಾರ ಬೆಳಿಗ್ಗೆ ಡಾಕ್ಟರಮ್ಮ ಫೋನು ಮಾಡಿದರು. ಕರೆಗೆ ನೆಟ್ಟು ಬೇಡವಲ್ಲ, ಅದು ಬಂದೇ ಬಂತು.

"ಏನ್ರೀ ಇದು, ಪರದೆನೋ ಚಡ್ಡಿನೋ?"

"ಯಾಕೆ ಡಾಕ್ಟ್ರೇ?"

"ಸೋಮವಾರವೇ ಮೆಸೇಜ್ ಮಾಡಿದ್ದೆ, ಕಂಬಿ ಮೇಲಕ್ಕೆ ಹಾಕಿಸಿದ್ದೀನಿ, ಏಳಡಿ ಮಾಡಿ ಅಂತ. ನೀವು ಐದಡಿ ಕಳಿಸಿದ್ದೀರಿ. ಒಳಗೆ ಹಲ್ಲು ಕೀಳಿಸಿಕೊಳ್ಳೋರ ಒದ್ದಾಡೋ ಕಾಲು ಹೊರಗೆ ಕೂತೋರಿಗೆಲ್ಲ ಕಾಣ್ತಾ ಇದೆ! ನಾಲ್ಕು ಜನ ಎದ್ದು ಹೋದರು ರೀ! ಒಬ್ಬರು ಚಪ್ಪಲಿ ಬಿಟ್ಟು ಓಡಿದರು!"

"ಮೆಸೇಜ್ ಬಂದಿಲ್ಲ ಡಾಕ್ಟ್ರೇ, ಸತ್ಯವಾಗ್ಲೂ."

"ನಾಳೆ ಬೆಳಿಗ್ಗೆಗೆ ನನಗೆ ಕಾಲು ಕಾಣಬಾರದು, ಅಷ್ಟೇ."

ಟೈಲರಮ್ಮ ಫೋನು ತಿರುಗಿಸಿ ಮುರುಗಿಸಿ ನೋಡಿದಳು. ಬೀಗದ ಪಟ್ಟಿ ತೆರೆಯಹೋದರೆ 'ಸಂಪರ್ಕವಿಲ್ಲ' ಎಂದಿತು. ನೆಟ್ಟಿನವನಿಗೆ ಕರೆ ಮಾಡಿದಳು. ಅವನು ಯಾವುದೋ ಏಣಿಯ ಮೇಲಿದ್ದ.

"ಡಬ್ಬದ ಹಿಂದೆ ಗುಂಡಿ ಇದೆ ತಾಯಿ. ಒಂದ್ಸಲ ಒತ್ತಿ ಆರಿಸಿ, ಮತ್ತೆ ಒತ್ತಿ ಹಾಕಿ. ಅಯ್ಯಪ್ಪಾ!" ಎಂದು ಇಟ್ಟುಬಿಟ್ಟ.

ಟೈಲರಮ್ಮ ಸ್ಟೂಲು ಹತ್ತಿ ಡಬ್ಬ ಇಳಿಸಿದಳು. ಹಿಂದೆ ನೋಡಿದಳು. ಗುಂಡಿ ಕಾಣಲಿಲ್ಲ. ವಯರುಗಳ ಪಕ್ಕದಲ್ಲಿ ಸೂಜಿ ಹಿಡಿಸುವಷ್ಟು ಒಂದು ತೂತು ಮಾತ್ರ ಕಂಡಿತು. ಓಹೋ, ಗುಂಡಿ ಒಳಗಿದೆ! ಬೇರೆ ಹೆಂಗಸಾಗಿದ್ದರೆ ಅಲ್ಲಿಗೆ ಸೋತು ಕೂರುತ್ತಿದ್ದಳು. ಮೂವತ್ತು ವರ್ಷ ಸೂಜಿ ಹಿಡಿದ ಕೈಗೆ ತೂತು ಕಂಡರೆ ಸೋಲುಂಟೆ? ದಪ್ಪ ಕೈಸೂಜಿ ತೆಗೆದು ನೇರವಾಗಿ ಇಳಿಸಿದಳು. ಒಳಗೆ ಏನೋ ಮೆತ್ತಗೆ ಅದುಮಿದಂತಾಯಿತು. ಸರಿಯಾಗಿ ಕೂರಲಿ ಎಂದು ಹತ್ತು ಎಣಿಸುವವರೆಗೆ ಬಿಡದೆ ಹಿಡಿದಳು. ದೀಪಗಳೆಲ್ಲ ಒಟ್ಟಿಗೆ ಆರಿದವು. ಮತ್ತೆ ಒಟ್ಟಿಗೆ ಹತ್ತಿದವು.

"ಆಯ್ತಪ್ಪ!" ಎಂದು ನೆಟ್ಟಿನವನಿಗೆ ಹೆಮ್ಮೆಯಿಂದ ವರದಿ ಒಪ್ಪಿಸಿದಳು. "ಸೂಜಿ ಹಾಕಿ ಒತ್ತಿದೆ."

ಆ ಕಡೆಯಿಂದ ಏಣಿ ಇಳಿಯುವ ಸದ್ದು ಕೇಳಿಸಿತು. ಆಮೇಲೆ ನಿಧಾನವಾಗಿ ಮಾತು ಬಂತು. "ಸೂಜಿ ಹಾಕಿದ್ರಾ? ಅದು ರೀಸೆಟ್ಟು ತಾಯಿ. ಒಳಗಿದ್ದದ್ದೆಲ್ಲ ಅಳಿಸಿ ಹೋಯ್ತು. ಪಾಸ್‌ವರ್ಡು, ಬೀಗ, ಹೆಸರು, ಎಲ್ಲ."

"ಹೆಸರೂನಾ?"

"ಡಬ್ಬ ಈಗ ಅಂಗಡಿಯಿಂದ ತಂದ ಹಾಗಿದೆ."

ಟೈಲರಮ್ಮ ನೆಲದ ಮೇಲೆ ಕೂತಳು. ಅವರ ಅಂಗಿಗಳನ್ನು ಕೊಟ್ಟಾಗಿತ್ತು. ಸ್ಪ್ಯಾನರುಗಳನ್ನು ಜೊತೆಯವರು ತೆಗೆದುಕೊಂಡು ಹೋಗಿದ್ದರು. ಮಹಾರಾಣಿ ಎಂದು ಅವರು ಬರೆದದ್ದು ಸಿಕ್ಕಿ ಬರೀ ನಾಲ್ಕು ದಿನವಾಗಿತ್ತು. ಅದನ್ನೂ ತನ್ನ ಕೈಯಿಂದಲೇ, ಅದೂ ಸೂಜಿಯಿಂದ, ಹತ್ತು ಎಣಿಸಿ ಅಳಿಸಿದ್ದಳು.

ನಾಲ್ಕೂವರೆಗೆ ಮಗಳು ಸ್ಕೂಲಿನಿಂದ ಬಂದಳು. ಒಳಗೆ ಹೋದಳು. ಒಂದೇ ನಿಮಿಷ. ಬಾಗಿಲು ತೆರೆಯಿತು!

"ಅಮ್ಮಾ, ನೆಟ್ ಏನಾಯ್ತು?"

ಏಳು ತಿಂಗಳು ಕಾದ ಮಾತು ಬಂದಿತ್ತು. ಟೈಲರಮ್ಮನಿಗೆ ಅದರ ಕಡೆ ಗಮನವೇ ಇರಲಿಲ್ಲ.

"ಸಾಯಿಸಿಬಿಟ್ಟೆ ಕಣೇ. ನಿಮ್ಮಪ್ಪ ಇಟ್ಟಿದ್ದ ಹೆಸರೆಲ್ಲ ಹೋಯ್ತು. ನಿನಗೆ ಬುದ್ಧಿ ಕಲಿಸ್ತೀನಿ ಅಂತ ಗೂಬೆಗೆ ಬೀಗ ಹಾಕಿದ್ದೆ, ಆವತ್ತಿಂದ ನನಗೇ ಒಂದು ಮೆಸೇಜೂ ಬಂದಿಲ್ಲ..."

"ಗೂಬೆಗಾ?" ಮಗಳು ಕಣ್ಣರಳಿಸಿದಳು. "ಅದಕ್ಕೇ ನಿನಗೆ ಮೆಸೇಜ್ ಬರ್ತಾ ಇರಲಿಲ್ವಾ? ಅಮ್ಮ, ಗೂಬೆ ನೀನೇ!"

"ನಾನು ಮಹಾರಾಣಿ!"

"ಮಹಾರಾಣಿ ನಾನು. ಮಂಚ ಇಳಿಯದೆ ನೀರು ಕೇಳ್ತಾಳೆ ಅಂತ. ಗೂಬೆ ನೀನು. ಅಪ್ಪ ಸೋಫಾ ಮೇಲೆ ಮಲಗಿ ಹೇಳ್ತಿದ್ರು, ನಾನು ಟೈಪ್ ಮಾಡಿದ್ದು. ಅವರಿಗೆ ಕನ್ನಡ ಒತ್ತೋಕೆ ಎಲ್ಲಿ ಬರ್ತಿತ್ತು?"

ಟೈಲರಮ್ಮನ ಕಿರೀಟ ನಾಲ್ಕೇ ದಿನಕ್ಕೆ ಕಳಚಿ ಬಿತ್ತು. "ನನಗೆ ಯಾಕೆ ಗೂಬೆ ಅಂದ್ರು?"

"ಯಾವಾಗ ಎದ್ದು ನೋಡಿದ್ರೂ ಮೆಷಿನ್ ಲೈಟ್ ಹಾಕ್ಕೊಂಡು ಕಣ್ಣು ಬಿಟ್ಕೊಂಡು ಕೂತಿರ್ತಾಳೆ, ಗೂಬೆ, ಅಂತ ನಗ್ತಾ ಇದ್ರು." ಮಗಳು ಪಕ್ಕದಲ್ಲೇ ನೆಲಕ್ಕೆ ಕೂತಳು. "ಅಳಬೇಡ. ಹೆಸರೆಲ್ಲ ನನಗೆ ನೆನಪಿದೆ. ಮತ್ತೆ ಬರೀತೀನಿ."

"ಅವರದ್ದೂ?"

"ಅವರ ಫೋನ್ ಚಾರ್ಜ್ ಮಾಡಿ ಒಂದ್ಸಲ ಸೇರಿಸಿದ್ರೆ ಬರುತ್ತೆ."

ಟೈಲರಮ್ಮ ಮೂಗು ಒರೆಸಿಕೊಂಡಳು. ಸಿಕ್ಕಿದ ಸಮಯ ಬಿಡಬಾರದೆಂದು ಕೇಳಿಯೇ ಬಿಟ್ಟಳು. "ಅದರಲ್ಲಿ ಅಷ್ಟೊತ್ತು ಏನು ನೋಡ್ತೀಯೇ?"

"ಏನೂ ಇಲ್ಲ."

"ಏನೂ ಇಲ್ಲದ್ದನ್ನ ಏಳು ತಿಂಗಳು ನೋಡ್ತಾರಾ?"

"ನೀನು ಹೊಲೀತೀಯಲ್ಲ, ಹಾಗೆ. ಕೆಲಸ ಇಲ್ಲದಿದ್ರೂ ಹೊಲೀತೀಯ. ಹೊಲಿದಿದ್ದನ್ನ ಬಿಚ್ಚಿ ಮತ್ತೆ ಹೊಲೀತೀಯ. ನಾನು ಎಷ್ಟು ಸಲ ಬಾಗಿಲು ತೆಗೆದು ನೋಡಿದ್ದೀನಿ ಗೊತ್ತಾ? ಬರೀ ನಿನ್ನ ಬೆನ್ನು ಕಾಣುತ್ತೆ."

ಟೈಲರಮ್ಮ ಕೂತಲ್ಲೇ ಪೂರ್ತಿ ತಿರುಗಿ ಮಗಳಿಗೆ ಮುಖ ಮಾಡಿದಳು.

ಮಗಳೇ ಒಪ್ಪಂದ ಮಾಡಿದಳು. "ಎಂಟು ಗಂಟೆಗೆ ನಾನು ಫೋನ್ ಇಡ್ತೀನಿ. ನೀನು ಮೆಷಿನ್ ನಿಲ್ಲಿಸ್ತೀಯಾ?"

"ಅದೇನು ಮಹಾ! ನನ್ನ ಕೈ ನನ್ನ ಮಾತು ಕೇಳುತ್ತೆ ಕಣೇ. ನಿನ್ನ ಹಾಗಲ್ಲ!"

ಪರದೆಗಳು ವಾಪಸ್ಸು ಬಂದವು. ಕೆಳಗೆ ಎರಡಡಿ ನೀಲಿ ಪಟ್ಟಿ ಸೇರಿಸುವುದೆಂದಾಯಿತು. ಹೊಸ ಫ್ಯಾಷನ್ನು ಎಂದರೆ ಡಾಕ್ಟರಮ್ಮ ಒಪ್ಪುತ್ತಾರೆ ಎಂದು ಮಗಳು ಹೇಳಿದಳು. ಟೈಲರಮ್ಮ ಹೊಲಿಯಲು ಕೂತಳು. ಏಳು ಪರದೆ ಮುಗಿಯಿತು. ಎಂಟು ಹೊಡೆಯಿತು. ಮಗಳು ಬಂದು ಫೋನನ್ನು ಮೇಜಿನ ಮೇಲೆ ಮುಖ ಕೆಳಗಾಗಿ ಇಟ್ಟಳು.

"ಅಮ್ಮಾ, ಎಂಟು."

"ಬಂದೆ ಕಣೇ, ಐದೇ ನಿಮಿಷ."

"ಅಮ್ಮಾ."

"ಇದೊಂದು ಪಟ್ಟಿ. ಅರ್ಧಕ್ಕೆ ಬಿಡೋಕಾಗುತ್ತಾ? ನಿನಗೇನು ಗೊತ್ತು? ಎಲ್ಲಾ ಮುಗಿದೇ ಹೋಯ್ತು, ಈ ಅಂಚು..."

ಅಂಚಿನ ನಟ್ಟನಡುವೆ ಮೆಷಿನ್ನು ಗುರ್ ಎಂದು ನಿಂತಿತು. ಟೈಲರಮ್ಮ ಪೆಡಲು ಅದುಮಿದಳು. ಇಲ್ಲ. ಮೋಟಾರಿಗೆ ಒಂದು ಏಟು ಕೊಟ್ಟಳು. ಇಲ್ಲ. ಕರೆಂಟು ಹೋಯಿತೆಂದು ತಲೆಯೆತ್ತಿದರೆ ಕೋಣೆಯ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ತಿರುಗಿ ನೋಡಿದಳು. ಗೋಡೆಯ ಹತ್ತಿರ ಮಗಳು ಮೆಷಿನ್ನಿನ ಪ್ಲಗ್ಗು ಕೈಲಿ ಹಿಡಿದು ನಿಂತಿದ್ದಳು.

"ಪೇರೆಂಟಲ್ ಕಂಟ್ರೋಲ್," ಎಂದಳು. "ಕೈ ತೊಳ್ಕೊಂಡು ಊಟಕ್ಕೆ ಬಾ."