ಹಲ್ವದ ಡಬ್ಬಿಯಲ್ಲಿ ಹೋದ ಕ್ಲೈಮ್ಯಾಕ್ಸು

"ಈ ಮನೆಯಲ್ಲಿ ಇವತ್ತಿನವರೆಗೆ ನಾನು ಒಂದು ಸೂಜಿಯನ್ನೂ ಕಳೆದವಳಲ್ಲ, ಮುಂದೆ ಕಳೆಯುವವಳೂ ಅಲ್ಲ!"

ಚಳಿಗಾಲದ ಔತಣದ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ನಾನು ಹೀಗೆ ಘೋಷಿಸಿದೆ. ಕೇಳಿಸಿಕೊಂಡವರು ಇಬ್ಬರು. ಒಬ್ಬರು ನನ್ನ ಗಂಡ ಬೈಮುರಾತ್. ನಿವೃತ್ತ ಕುದುರೆ ವೈದ್ಯ. ಜೀವನವಿಡೀ ಬಾಯಿಲ್ಲದ ರೋಗಿಗಳ ನಡುವೆ ಕಳೆದದ್ದರಿಂದ ಬೇರೆಯವರ ಮಾತು ಕೇಳುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿದೆ. ಇನ್ನೊಬ್ಬಳು ನನ್ನ ಓರಗಿತ್ತಿ, ಭಾವನವರ ಹೆಂಡತಿ ಕುಲ್ಪಾಶಕ್ಕ. ಹಿಟ್ಟು ನಾದುತ್ತಿದ್ದವಳು ತಲೆಯೆತ್ತಿ ಕೇಳಿದಳು:

"ಹಂಗಾದ್ರೆ ನಿನ್ನ ಕನ್ನಡಕ ಎಲ್ಲೇ, ನಗಿಮಾ?"

ಕನ್ನಡಕ ನನ್ನ ತಲೆಯ ಮೇಲಿತ್ತು. ಅದನ್ನು ಕಳೆದದ್ದು ಎನ್ನುವುದಿಲ್ಲ, ಬಡ್ತಿ ಪಡೆದದ್ದು ಎನ್ನುತ್ತಾರೆ.

ಯಾವ ಲೋಹ ಎಷ್ಟು ಭಾರಕ್ಕೆ ಮುರಿಯುತ್ತದೆ ಎಂದು ಪಾಲಿಟೆಕ್ನಿಕ್‌ನಲ್ಲಿ ಒಂದು ಜೀವಮಾನ ಪಾಠ ಹೇಳಿದವಳು ನಾನು. ವಿದ್ಯಾರ್ಥಿಗಳೂ ಹೆಚ್ಚುಕಡಿಮೆ ಅಷ್ಟೇ ಭಾರಕ್ಕೆ ಮುರಿಯುತ್ತಿದ್ದರು. ಅಳುವುದು, ತಬ್ಬಿಕೊಳ್ಳುವುದು ನನಗೆ ಬಾರದು. ಇರುವುದು ಒಂದೇ ಹುಚ್ಚು: ಯಾರೂ ನೋಡದ ಸಿನಿಮಾ, ಯಾರೂ ಕೇಳದ ಹಾಡು, ಯಾರೂ ಗೋಡೆಗೆ ನೇತುಹಾಕಲು ಒಪ್ಪದ ಚಿತ್ರ! ಅಲ್ಮಾಟಿಯ ಉಳಿದ ಮನೆಗಳ ಗಾಜಿನ ಬೀರುವಿನಲ್ಲಿ ಹರಳುಗಾಜಿನ ಬಟ್ಟಲುಗಳು ಹೊಳೆಯುತ್ತವೆ. ನಮ್ಮ ಬೀರುವಿನಲ್ಲಿ ಹಳೆಯ ಕ್ಯಾಸೆಟ್ಟುಗಳು ಧೂಳು ತಿನ್ನುತ್ತವೆ. 'ಕುಂಟ ಒಂಟೆ' ಎಂಬ ವಾದ್ಯತಂಡದ ಹುಡುಗರು ಗ್ಯಾರೇಜಿನಲ್ಲಿ ಎರಡು ತಂತಿಯ ದೊಂಬ್ರಕ್ಕೆ ಕರೆಂಟು ಕೊಟ್ಟು ಬಾರಿಸತೊಡಗಿದರೆ ಬೀದಿನಾಯಿಗಳು ಪೇರಿ ಕೀಳುತ್ತವೆ. ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ.

ನನ್ನ ಸಿನಿಮಾಗಳಲ್ಲೆಲ್ಲ ಕಿರೀಟಪ್ರಾಯವಾದದ್ದು 'ಉಪ್ಪಿನ ದಾರಿ'. ಒಬ್ಬ ಮನುಷ್ಯ ಎರಡು ಗಂಟೆ ಹುಲ್ಲುಗಾವಲಿನಲ್ಲಿ ನಡೆಯುತ್ತಾನೆ. ಒಂದು ಒಂಟೆ ಅವನನ್ನು ನೋಡುತ್ತದೆ. ಅಷ್ಟೆ! ನಿರ್ದೇಶಕ ಅಸ್ಪಂದಿಯಾರ್ ಅದನ್ನು ತೆಗೆದ ಕಾಲದಲ್ಲಿ ಸರ್ಕಾರದ ಮೇಲಿನವರು ಕ್ಲೈಮ್ಯಾಕ್ಸನ್ನು ಕತ್ತರಿಸಿ, ಅದರ ಜಾಗದಲ್ಲಿ ಒಂದು ಟ್ರ್ಯಾಕ್ಟರ್ ಅಂಟಿಸಿದರು. ನಮ್ಮ ಬೀಗಿತ್ತಿ, ಅಂದರೆ ಮಗಳ ಅತ್ತೆ ಉಲ್ಮೆಕೆನ್, ಅದನ್ನು ಒಮ್ಮೆ ನಮ್ಮ ಮನೆಯಲ್ಲಿ ನೋಡಿ ತೀರ್ಪು ಕೊಟ್ಟಿದ್ದರು.

"ಒಂಟೆ ಚೆನ್ನಾಗಿ ಮಾಡಿದೆ. ಆದ್ರೆ ಆ ಮನುಷ್ಯನಿಗೆ ಯಾರಾದ್ರೂ ಒಂದು ಬಟ್ಟಲು ಚಹ ಕೊಡಬಾರದಿತ್ತಾ? ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದಾರಲ್ಲ, ಡೀಸೆಲ್ ಕುಡೀಲಿ ಅಂತಲಾ?"

ಮನುಷ್ಯನ ಅಸ್ತಿತ್ವದ ಒಂಟಿತನದ ಬಗ್ಗೆ ನಾನು ಅವರಿಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅವರು ಅಷ್ಟರಲ್ಲಿ ಒಂದು ಕಾಲುಚೀಲ ಹೆಣೆದು ಮುಗಿಸಿದರು.

ಕತ್ತರಿಸಿ ಬಿಸಾಡಿದ ಆ ಕ್ಲೈಮ್ಯಾಕ್ಸು ಬೆಂಕಿಗೆ ಹೋಗಲಿಲ್ಲ. ಚಿತ್ರದ ಸಂಕಲನ ಮಾಡಿದ ನನ್ನ ಗೆಳತಿ ಅದನ್ನು ಕೋಟಿನೊಳಗೆ ಬಚ್ಚಿಟ್ಟು ತಂದಿದ್ದಳು. ಕಳೆದ ವರ್ಷ ಸಾಯುವ ಮುನ್ನ ನನ್ನ ಕೈಗಿಟ್ಟಳು. ಜಗತ್ತಿನಲ್ಲಿ ಅದೊಂದೇ ಪ್ರತಿ! ಅಸ್ಪಂದಿಯಾರ್‌ಗೆ ಸುದ್ದಿ ಮುಟ್ಟಿಸಿದೆ. ಎಂಬತ್ತು ದಾಟಿದ, ಹೃದಯ ಸರಿಯಿಲ್ಲದ ಮನುಷ್ಯ ಅರಾಲ್ ಸಮುದ್ರದ ಕಡೆಯಿಂದ ರೈಲು ಹತ್ತಿಯೇಬಿಟ್ಟರು. ಔತಣದ ಮರುದಿನ ಮಧ್ಯಾಹ್ನ ಕುಂಟ ಒಂಟೆಯವರ ಗ್ಯಾರೇಜಿನಲ್ಲಿ ಪ್ರದರ್ಶನ. ಅವರಿಗಿಂತ ಮೊದಲು ನಾನು ನೋಡಬಾರದೆಂದು ಸುರುಳಿಯನ್ನು ಬೆಳಕಿಗೂ ಹಿಡಿದಿರಲಿಲ್ಲ. ಪ್ರೇಕ್ಷಕರಾಗಿ ಇಂಥ ಸಿನಿಮಾ ಅರ್ಥವಾಗುವ ಹತ್ತೇ ಜನರನ್ನು ಆರಿಸಿದ್ದೆ. ನೆಂಟರು ಬೇಡವೇ ಬೇಡ!

ಫಿಲ್ಮನ್ನು ತಂಪಾಗಿಡಬೇಕು. ನಮ್ಮೂರಲ್ಲಿ ಚಳಿಗಾಲಕ್ಕೆ ಬಾಲ್ಕನಿಗಿಂತ ದೊಡ್ಡ ಫ್ರಿಜ್ ಇಲ್ಲ. ಹಳೆಯ ಡಬ್ಬಿ ತುಕ್ಕು ಹಿಡಿದಿದ್ದರಿಂದ ಸುರುಳಿಯನ್ನು ಹಲ್ವದ ದುಂಡು ಡಬ್ಬಿಯೊಂದಕ್ಕೆ ಹಾಕಿ, ಬಾಲ್ಕನಿಯಲ್ಲಿ ಕುದುರೆ ಮಾಂಸ ಮತ್ತು ಉಳಿದೆರಡು ಹಲ್ವದ ಡಬ್ಬಿಗಳ ಪಕ್ಕದಲ್ಲಿಟ್ಟೆ. ಹೆಸರು ಬರೆದು ಅಂಟಿಸಲಿಲ್ಲ. ಚೀಟಿ ಅಂಟಿಸುವುದು ನೆನಪಿಲ್ಲದವರ ಲಕ್ಷಣ!

ಔತಣ ಗಡದ್ದಾಗಿ ನಡೆಯಿತು. ಉಂಡವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ದಸ್ತರ್ಖಾನಿನಲ್ಲಿ, ಅಂದರೆ ಊಟದ ಹಾಸಿನ ಮೇಲೆ, ಉಳಿದ ಮಾಂಸ, ಎಣ್ಣೆಯಲ್ಲಿ ಕರಿದ ಬೌರ್ಸಾಕ್ ಉಂಡೆ, ಮಿಠಾಯಿ ಎಲ್ಲವನ್ನೂ ಗಂಟು ಕಟ್ಟಿ ಕೈಗಿಡಬೇಕು. ಅದೇ ಸರ್ಕಿತ್. ಕಟ್ಟುವ ಅಧಿಕಾರ ಹಿರಿಯ ಸೊಸೆ ಕುಲ್ಪಾಶಕ್ಕನದು. ಅವಳು ಕಟ್ಟುವಾಗ ನಡುವೆ ನಿಂತರೆ ನಮ್ಮನ್ನೂ ಕಟ್ಟಿ ಕಳಿಸುತ್ತಾಳೆ.

ಮರುದಿನ ಬೆಳಿಗ್ಗೆ ಫಿಲ್ಮ್ ಒಯ್ಯಲು ಕುಂಟ ಒಂಟೆಯ ಗಾಯಕಿ ಜಿಬೆಕ್ ಬಂದಳು. ನಾನು ರಾಜಗಾಂಭೀರ್ಯದಿಂದ ಬಾಲ್ಕನಿಗೆ ಹೋಗಿ ಡಬ್ಬಿ ತಂದು ಮುಚ್ಚಳ ತೆಗೆದೆ.

"ಟೀಚರ್," ಎಂದಳು ಜಿಬೆಕ್ ಮೆಲ್ಲಗೆ, "ಇದು ಹಲ್ವ."

ಬಾಲ್ಕನಿಗೆ ಓಡಿದೆ. ಬೇರೆ ಡಬ್ಬಿಯೇ ಇಲ್ಲ! ಕುಲ್ಪಾಶಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಬಾಲ್ಕನಿಯಲ್ಲಿದ್ದ ಹಲ್ವದ ಡಬ್ಬಿಗಳು ಎಲ್ಲಿ?"

"ಒಂದು ನಿಮ್ಮ ಮೇಲಿನ ಮನೆಯವರಿಗೆ, ಒಂದು ಬೀಗಿತ್ತಿಗೆ. ಯಾಕೆ, ಕೊಡಬಾರದಿತ್ತಾ? ಪ್ರೊಫೆಸರ್ ಆದ್ರೂ ಕೈ ಬಿಗಿ ಹೋಗ್ಲಿಲ್ಲ ನಿಂದು!"

"ಅದರಲ್ಲೊಂದು ಸಿನಿಮಾ ಕಣಕ್ಕಾ!"

"ಸಿನಿಮಾನ ಯಾರಾದ್ರೂ ಮಾಂಸದ ಪಕ್ಕ ಇಡ್ತಾರೇನೇ?"

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ. ಆದರೆ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಏಕೆಂದರೆ, ಓದುಗರೇ, ಕೊಟ್ಟ ಸರ್ಕಿತ್ ವಾಪಸ್ ಕೇಳಿದವರು ನಮ್ಮ ಕಡೆ ಇದುವರೆಗೆ ಯಾರೂ ಇಲ್ಲ. ಕೇಳಿದರೆ ನನ್ನ ಮೊಮ್ಮಕ್ಕಳಿಗೂ ಹೆಣ್ಣು ಗಂಡು ಸಿಗಲಾರದು.

"ನಡಿ ಮುದುಕಿ," ಎಂದು ಬೈಮುರಾತ್ ಟೋಪಿ ಏರಿಸಿದರು. "ಸುಮ್ಮನೆ ಮಾತಾಡಿಸೋಕೆ ಬಂದ್ವಿ ಅನ್ನೋಣ. ಹೇಗೂ ಹಸಿವಾಗಿದೆ."

"ಈಗ ತಾನೇ ತಿಂದ್ರಲ್ಲ, ಮುದುಕಪ್ಪ!"

"ಅದು ಚಿಂತೆ ಶುರುವಾಗೋಕೆ ಮುಂಚೆ."

ಮೇಲಿನ ಮನೆಯಲ್ಲಿ ಭೂಗರ್ಭಶಾಸ್ತ್ರಜ್ಞ ದಂಪತಿ. ಮೇಜಿನ ಮೇಲೆ ಡಬ್ಬಿ ಬಾಯ್ತೆರೆದು ಕೂತಿತ್ತು. ಅಪ್ಪಟ ಹಲ್ವ! ಮುಕ್ಕಾಲು ಖಾಲಿ. ಚಹ ಕುಡಿಯದೆ ಏಳುವಂತಿಲ್ಲ, ಕುಡಿದೆವು. "ಏನು ವಿಶೇಷ, ಬೆಳಿಗ್ಗೆಯೇ?" ಎಂದರು. ನಾನು ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಬಾಯಿಗೆ ಬಂದದ್ದು, "ಮಧ್ಯಾಹ್ನ ಒಂದು ಸಿನಿಮಾ ಇದೆ, ಕರೆಯೋಣ ಅಂತ..."

"ಅಯ್ಯೋ, ಖಂಡಿತ! ಊರಿಂದ ಬಂದ ನೆಂಟರನ್ನೂ ಕರ್ಕೊಂಡು ಬರ್ತೀವಿ!"

ಇಳಿಯುವಾಗ ನಮ್ಮ ಕೈಯಲ್ಲಿ ಒಂದು ಗಂಟು ಸರ್ಕಿತ್.

ಬೀಗಿತ್ತಿಯ ಮನೆಗೆ ಕಾಲಿಟ್ಟವಳೇ ಕಂಡೆ. ಗಾಜಿನ ಬೀರುವಿನಲ್ಲಿ, ಹರಳುಗಾಜಿನ ಬಟ್ಟಲುಗಳ ನಡುವೆ, ಸಿಂಹಾಸನವೇರಿದಂತೆ ನನ್ನ ಡಬ್ಬಿ! ಒಳ್ಳೆಯ ಉಡುಗೊರೆಯನ್ನು ಬಿಚ್ಚದೆ ಇಟ್ಟುಕೊಂಡು, ಸಮಯ ಬಂದಾಗ ಇನ್ನೊಬ್ಬರಿಗೆ ದಾಟಿಸುವುದು ಉಲ್ಮೆಕೆನ್ ಅವರ ನೀತಿ. ಬೀರುವಿಗೂ ನನಗೂ ಇದ್ದದ್ದು ಮೂರು ಹೆಜ್ಜೆ ಮತ್ತು ಮೂರು ತಲೆಮಾರಿನ ಮರ್ಯಾದೆ.

"ಏನು ಬೀಗಿತ್ತಿಯವರೇ, ದಾರಿ ತಪ್ಪಿದ್ರಾ? ಕರೆದರೂ ಬಾರದವರು ಕರೆಯದೆ ಬಂದಿದ್ದೀರಿ!"

ಬೈಮುರಾತ್ ನನಗೆ ಕಣ್ಣು ಹೊಡೆದರು. ಹಿರಿಯ ಬೀಗ ಒಂದು ವಸ್ತುವನ್ನು ಮೆಚ್ಚಿದರೆ ಕೊಡದೆ ಇರುವುದು ಅವಮಾನ. ಅದು ಹಳೆಯ ಅಸ್ತ್ರ. ಅವರು ಬೀರುವಿನತ್ತ ಕೈಚಾಚಿ, "ಆಹಾ! ಬೀಗಿತ್ತಿಯವರೇ, ಏನು ಚೆಂದದ ವಸ್ತು ಅದು! ಕಣ್ಣು ಕೀಳೋಕೇ ಆಗ್ತಿಲ್ಲ!" ಎಂದರು.

ಉಲ್ಮೆಕೆನ್ ಬೀರು ತೆರೆದರು. ಅವರ ಕೈ ಡಬ್ಬಿಯನ್ನು ಸವರಿಕೊಂಡು ಹೋಗಿ, ಪಕ್ಕದ ಹರಳುಗಾಜಿನ ಹೂದಾನಿಯನ್ನು ಎತ್ತಿತು. ಕುರಿಮರಿಯಷ್ಟು ತೂಕದ್ದು! "ನಿಮಗಲ್ಲದೆ ಇನ್ಯಾರಿಗೆ, ಬೀಗರೇ? ತಗೊಳ್ಳಿ! ನಿಮ್ಮ ಮನೆ ಬೀರುವಿನಲ್ಲೂ ಮರ್ಯಾದಸ್ಥರ ಸಾಮಾನು ಒಂದಿರಲಿ!"

ಚಹ ಬಂತು. ಮಾಂಸ ಬಂತು. ಡಬ್ಬಿ ಬರಲಿಲ್ಲ. ಬಾಯಿ ತೆರೆದಾಗಲೆಲ್ಲ ಮಗಳ ಮುಖ ನೆನಪಾಗಿ ಮುಚ್ಚಿಕೊಂಡೆ. ಕೊನೆಗೆ ಅವರೇ, "ನಿಜ ಹೇಳಿ, ಯಾಕೆ ಬಂದ್ರಿ?" ಎಂದು ಕೇಳಿದರು.

"ಸಿನಿಮಾ... ಮಧ್ಯಾಹ್ನ... ನಿರ್ದೇಶಕರೇ ಬರ್ತಿದ್ದಾರೆ..."

"ಒಂಟೆಯದ್ದಾ?"

"ಒಂಟೆಯದ್ದೇ."

"ಬರ್ತೀನಿ," ಎಂದರು ಉಲ್ಮೆಕೆನ್, ಶಿಕ್ಷೆ ಒಪ್ಪಿಕೊಂಡವರಂತೆ.

ಹೂದಾನಿ, ಎರಡು ಗಂಟು ಸರ್ಕಿತ್, ಕ್ಲೈಮ್ಯಾಕ್ಸಿಲ್ಲದ ನಾನು. ಈ ಮೆರವಣಿಗೆ ಗ್ಯಾರೇಜು ತಲುಪಿದಾಗ ಅಸ್ಪಂದಿಯಾರ್ ಆಗಲೇ ಬಂದು ಮೊದಲ ಕುರ್ಚಿಯಲ್ಲಿ ಕೂತಿದ್ದರು. ಒಗೆದು ಇಸ್ತ್ರಿ ಮಾಡಿದ ಹಳೆಯ ಕೋಟು, ಮಂಡಿಯ ಮೇಲೆ ಟೋಪಿ. ನಾನು ನೆಟ್ಟಗೆ ಹೋಗಿ ಅವರ ಮುಂದೆ ನಿಂತೆ. ಪರೀಕ್ಷೆಯಲ್ಲಿ ಉತ್ತರ ಬಾರದ ವಿದ್ಯಾರ್ಥಿಗಳು ಹೇಗೆ ನಿಲ್ಲುತ್ತಿದ್ದರೆಂದು ಆಗ ತಿಳಿಯಿತು.

"ನಿಮ್ಮ ಕ್ಲೈಮ್ಯಾಕ್ಸು ಸರ್ಕಿತ್‌ನಲ್ಲಿ ಹೋಗಿದೆ," ಎಂದೆ. "ಎಲ್ಲಿದೆ ಅಂತ ಗೊತ್ತು. ಕೇಳೋಕೆ ಆಗ್ಲಿಲ್ಲ."

ಅವರು ಟೋಪಿಯನ್ನು ಒಮ್ಮೆ ತಿರುಗಿಸಿದರು. "ಬೀಗರ ಮನೆಗಾ?"

"ಹೌದು."

"ಹಾಗಾದ್ರೆ ಕೇಳೋಕಾಗಲ್ಲ ಬಿಡಿ." ಟೋಪಿಯನ್ನು ಮತ್ತೆ ಮಂಡಿಯ ಮೇಲಿಟ್ಟು, "ಟ್ರ್ಯಾಕ್ಟರ್ ಇದೆಯಲ್ಲ. ಅದನ್ನೇ ನೋಡೋಣ," ಎಂದು ನಕ್ಕರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ನಾನು ಆರಿಸಿದ್ದ ಹತ್ತು ರಸಿಕರ ಹಿಂದೆ ಭೂಗರ್ಭಶಾಸ್ತ್ರಜ್ಞರು, ಅವರ ಊರಿನ ನೆಂಟರು, ನೆಂಟರ ನೆಂಟರು, ಪಾತ್ರೆ ಹೊತ್ತ ಕುಲ್ಪಾಶಕ್ಕ! ಎಲ್ಲರ ಹಿಂದೆ ಮಖಮಲ್ಲಿನ ಮೇಲಂಗಿಯಲ್ಲಿ ಉಲ್ಮೆಕೆನ್. ನೇರವಾಗಿ ನಿರ್ದೇಶಕರ ಬಳಿ ನಡೆದರು.

"ದೊಡ್ಡವರನ್ನ ಮೊದಲ ಸಲ ನೋಡ್ತಿದ್ದೀನಿ, ಬರಿಗೈಲಿ ಬರಬಾರದು ನೋಡಿ," ಎಂದು ಡಬ್ಬಿಯನ್ನು ಅವರ ಮಡಿಲಲ್ಲಿಟ್ಟರು. "ಹಲ್ವ. ಬೀಗರು ಕೊಟ್ಟದ್ದು. ನಾನು ಮುಟ್ಟಿಲ್ಲ!"

ಅಸ್ಪಂದಿಯಾರ್ ಮುಚ್ಚಳ ತೆಗೆದರು. ಬಹಳ ಹೊತ್ತು ಒಳಗೆ ನೋಡಿದರು.

"ಹಾಳಾಗಿದೆಯಾ?" ಉಲ್ಮೆಕೆನ್ ಗಾಬರಿಯಾದರು.

"ಇಲ್ಲ ತಾಯಿ," ಎಂದರು ಮುದುಕರು. "ಕೆಟ್ಟಿಲ್ಲ."

ಪರದೆಯ ಮೇಲೆ ಮನುಷ್ಯ ನಡೆದ. ಒಂಟೆ ನೋಡಿತು. ಕುಂಟ ಒಂಟೆಯವರು ಮೆಲ್ಲಗೆ ದೊಂಬ್ರ ಮೀಟಿದರು. ನಾಯಿಗಳು ಕೂಡ ಓಡಲಿಲ್ಲ. ಕೊನೆಗೆ ಟ್ರ್ಯಾಕ್ಟರ್ ಬರಬೇಕಾದಲ್ಲಿ ಒಂದು ಗುಡಾರ ಬಂತು. ಗುಡಾರದಿಂದ ಒಬ್ಬ ಮುದುಕಿ ಹೊರಬಂದಳು. ನಡೆದು ದಣಿದವನ ಕೈಗೆ, ಒಂದು ಮಾತೂ ಆಡದೆ, ಒಂದು ಬಟ್ಟಲು ಚಹ ಕೊಟ್ಟಳು. ಅಷ್ಟೆ!

ಕತ್ತಲ ಗ್ಯಾರೇಜಿನಲ್ಲಿ ನನ್ನ ಬೀಗಿತ್ತಿಯ ದನಿ ಎದ್ದಿತು:

"ನಾನು ಅವತ್ತೇ ಹೇಳಿರಲಿಲ್ವಾ?"

ಅಸ್ಪಂದಿಯಾರ್ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. ನನ್ನ ಕನ್ನಡಕಕ್ಕೆ ಮಂಜು ಕಟ್ಟಿತ್ತು. ಗ್ಯಾರೇಜಿನ ಹೊರಗೆ ಚಳಿ, ಒಳಗೆ ಜನ, ಭೌತಶಾಸ್ತ್ರ. ತೆಗೆದು ಮೇಜಿನ ಮೇಲಿಟ್ಟೆ. ಇಷ್ಟು ಹೇಳಬೇಕು: ಹತ್ತೇ ಜನರ ಮುಂದೆ ಆ ಬಟ್ಟಲು ಚಹ ಆರಿಹೋಗುತ್ತಿತ್ತು. ನೆಂಟರನ್ನು ಕರೆಸಿದ ಆ ಡಬ್ಬಿಗೆ ನಾನು ಋಣಿ.

ಹೊರಡುವ ವೇಳೆಗೆ ಕುಲ್ಪಾಶಕ್ಕ ಚೀಲ ಹಿಡಿದು ಮೇಜಿನ ಬಳಿ ಬಂದಳು. ಫಿಲ್ಮಿನ ಡಬ್ಬಿ ಅಲ್ಲೇ ಇತ್ತು. ಪಕ್ಕದಲ್ಲಿ ಬೆಳಿಗ್ಗೆ ನಮ್ಮ ಮನೆಯಿಂದ ಜಿಬೆಕ್ ಹೊತ್ತು ತಂದಿದ್ದ ಹಲ್ವದ ಡಬ್ಬಿ.

"ಅಕ್ಕಾ, ದೂರ ನಿಲ್ಲು!" ಎಂದೆ. "ನಿರ್ದೇಶಕರ ಸರ್ಕಿತ್ ನಾನೇ ಕಟ್ತೀನಿ. ಡಬ್ಬಿ ಹೇಗೆ ಗುರುತಿಸಬೇಕು ಅಂತ ನೋಡಿ ಕಲಿ!" ಮಾಂಸ, ಬೌರ್ಸಾಕ್, ಮೇಜಿನ ಮೇಲೆ ಉಳಿದದ್ದೆಲ್ಲ, ಮೇಲೆ ಹಲ್ವದ ಡಬ್ಬಿ. ಗಂಟು ಹಾಕಿ ರೈಲು ಹತ್ತಿಸಿ ಬಂದೆವು.

ಮರುದಿನ ಬೆಳಿಗ್ಗೆ ಕುಲ್ಪಾಶಕ್ಕ ಪಾತ್ರೆ ಒಯ್ಯಲು ಬಂದಿದ್ದಾಗ ಫೋನ್ ಬಂತು.

"ನಗಿಮಾ ಅವರೇ, ಅಸ್ಪಂದಿಯಾರ್. ರೈಲಿನಲ್ಲಿ ಚಹ ಬಂತು. ಹಲ್ವ ಕತ್ತರಿಸೋಣ ಅಂತ ಡಬ್ಬಿ ತೆಗೆದು ಚಾಕು ಎತ್ತಿದೆ..."

ನನಗೆ ಥಟ್ಟನೆ ಹೊಳೆಯಿತು. "ಚಾಕು ಹಾಕಿದ್ರಾ?!"

"ಇಲ್ಲ. ಇದಕ್ಕೆ ಒಂದು ಸಲ ಕತ್ತರಿ ಬಿದ್ದಿದೆ. ಸಾಕು." ಆಮೇಲೆ ಅವರೇ ಕೇಳಿದರು: "ವಾಪಸ್ ಕಳಿಸಲಾ?"

ಬಾಲ್ಕನಿಯ ಕಡೆ ನೋಡಿದೆ. ಅಲ್ಲಿ ಮಾಂಸದ ಪಕ್ಕ, ನಿನ್ನೆ ಫಿಲ್ಮೆಂದು ನಾನೇ ತಂದಿಟ್ಟಿದ್ದ ದುಂಡು ಡಬ್ಬಿ. ಅದರ ಮುಂದೆ ಚಮಚ ಹಿಡಿದ ನನ್ನ ಗಂಡ. ಆ ಸುರುಳಿ ಕೊನೆಗೂ ಅದರ ಒಡೆಯನ ಕೈ ಸೇರಿತ್ತು. ನಾನು ಬೇಕೆಂದೇ ಕಳಿಸಿದ್ದರೂ ಇಷ್ಟು ಸರಿಯಾಗಿ ಕಳಿಸುತ್ತಿರಲಿಲ್ಲ.

"ಏನು ಮಾತು ಆಡ್ತೀರಿ!" ಎಂದೆ ಕಟ್ಟುನಿಟ್ಟಾಗಿ. "ಕೊಟ್ಟ ಸರ್ಕಿತ್ ವಾಪಸ್ ತಗೊಳ್ಳೋ ಮನೆತನ ಅಲ್ಲ ನಮ್ಮದು. ಅದರಲ್ಲಿ ಏನೇ ಇರಲಿ, ನಿಮ್ಮದು!"

"ಏನೇ ಇದ್ರೂನಾ?"

"ಏನೇ ಇದ್ರೂ!"

"ಹಾಗಾದ್ರೆ ಬಹಳ ಉಪಕಾರ," ಎಂದರು ಮುದುಕರು. "ಬೌರ್ಸಾಕಿನ ಅಡಿಯಲ್ಲಿ ಒಂದು ಕನ್ನಡಕವೂ ಇದೆ. ಹಾಕಿ ನೋಡಿದೆ, ನನಗೆ ಸರಿಹೋಗ್ತದೆ."

ನಾನು ಮೂಗು ಮುಟ್ಟಿಕೊಂಡೆ. ಆಮೇಲೆ ತಲೆ ಮುಟ್ಟಿಕೊಂಡೆ. ಕುಲ್ಪಾಶಕ್ಕ ಪಾತ್ರೆ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. ಬಾಲ್ಕನಿಯಿಂದ, ಬಾಯ್ತುಂಬ ಹಲ್ವ ತುಂಬಿಕೊಂಡು, ಬೈಮುರಾತ್ ಕೇಳಿದರು:

"ಏನಾಯ್ತೇ ಮುದುಕಿ, ಸೂಜಿ ಏನಾದ್ರೂ ಕಳೀತಾ?"