ಕೈಗೆಟುಕುವ ಬೆಲೆಯ ವೈಕಿಂಗ್ ಖಡ್ಗವೂ ನನ್ನ ಹಲವು ಮರಣಗಳೂ

ಮಾನ್ಯರೇ,

ಖಡ್ಗ ತಯಾರಿಕಾ ಕಂಪನಿಯ ಮುಖ್ಯಸ್ಥರಾದ ತಮಗೂ, ತಮ್ಮ ಕುಲುಮೆಗೂ, ಗೋದಾಮಿಗೂ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಅಂಟಿನ ಡಬ್ಬಿಗೂ ನನ್ನ ಸವಿನಯ ವಂದನೆಗಳು. ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಅಂಟಿನ ಡಬ್ಬಿಯ ಕ್ಷೇಮದ ಬಗ್ಗೆ ಮಾತ್ರ ನನಗೆ ಅನುಮಾನವಿದ್ದು, ಏಕೆಂಬುದು ಮುಂದೆ ತಮಗೇ ತಿಳಿಯುತ್ತದೆ. ಕೂತು ಬರೆಯುವ ಸಹನೆ ನನಗಿಲ್ಲದ್ದರಿಂದ ಇದನ್ನು ಫೋನಿಗೆ ಹೇಳುತ್ತ ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ವಾಕ್ಯಗಳು ಉದ್ದವಾದರೆ ಅದು ಮೆಟ್ಟಿಲುಗಳ ತಪ್ಪು.

ನಾನು ಈ ಊರಿಗೆ ಹೊಸಬ. ಹೊಟ್ಟೆಪಾಡಿಗೆಂದು ಬಂದು, ಅಕ್ಕ-ಭಾವನ ಮನೆಯ ಸೋಫಾದ ಮೇಲೆ ಮಲಗುತ್ತ, ಒಂದು ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತೇನೆ. ಇಲ್ಲಿ ನನ್ನೊಡನೆ ಮಾತನಾಡುವವರೇ ಇಲ್ಲವೆಂದಲ್ಲ, "ಈರುಳ್ಳಿ ಆಯ್ತಾ?" ಎಂದು ದಿನವಿಡೀ ಕೇಳುತ್ತಾರೆ. ಈರುಳ್ಳಿಯ ಆಚೆಗೂ ನಾನೊಬ್ಬ ಇದ್ದೇನೆಂದು ಯಾರಿಗಾದರೂ ಗೊತ್ತಾಗಲಿ ಎಂಬ ಆಸೆಯಿಂದ, ಭಾನುವಾರಗಳಂದು ನೀರಿನ ಟ್ಯಾಂಕಿನ ಹಿಂದಿನ ಮೈದಾನದಲ್ಲಿ ವೈಕಿಂಗರ ವೇಷ ಹಾಕಿ ಕಾಳಗ ಆಡುವ ತಂಡವೊಂದರ ಬಳಿ ಹೋಗಿ ನಿಂತೆ. ಸಾವಿರ ವರ್ಷದ ಹಿಂದಿನ ಆ ಹಡಗಿನ ಜನರ ಮೇಲೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಅವರೂ ನನ್ನ ಹಾಗೆಯೇ ಮನೆ ಬಿಟ್ಟು ಕಡಲು ದಾಟಿದವರು, ಆದರೆ ದಡದಲ್ಲಿ ಅವರ ಕಾಗದಪತ್ರ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ತಂಡದಲ್ಲಿ ಒಂದು ನಿಯಮವಿದೆ. ಗುರಾಣಿಗೆ ಗುರಾಣಿ ತಾಗಿಸಿ, ಭುಜಕ್ಕೆ ಭುಜ ಕೊಟ್ಟು ನಿಲ್ಲುವ ಮುಂದಿನ ಸಾಲಿನಲ್ಲಿ ಜಾಗ ಬೇಕಾದರೆ ಸ್ವಂತ ಖಡ್ಗವಿರಬೇಕು, ಅದನ್ನು ತಂಡದ ಹಿರಿಯರು ಪರೀಕ್ಷಿಸಿ ಒಪ್ಪಬೇಕು. ಆ ಹಿರಿಯರು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ನನಗೆ ಆ ಸಾಲು ಬೇಕಿತ್ತು. ಎಡಕ್ಕೊಂದು ಭುಜ, ಬಲಕ್ಕೊಂದು ಭುಜ, ಅಷ್ಟೇ. ತಮ್ಮ ಜಾಹೀರಾತು ಕಣ್ಣಿಗೆ ಬಿದ್ದದ್ದು ಆಗಲೇ: "ಕೈಗೆಟುಕುವ ಬೆಲೆ, ಕಾಳಗಕ್ಕೆ ಸಿದ್ಧ."

ಖಡ್ಗವು ನಮ್ಮ ಮನೆಗೆ ದಯಮಾಡಿಸಿದ ದಿನ ಅಕ್ಕ ಪೆಟ್ಟಿಗೆ ಒಡೆದು, "ಮನೇಲಿ ನೆಟ್ಟಗೆ ಒಂದು ಚಾಕು ಇಲ್ಲ, ಇವನು ನೋಡು ಕತ್ತಿ ತರಿಸ್ತಾನೆ!" ಎಂದು ಸ್ವಾಗತಿಸಿದಳು. ಬಸ್ಸು ಓಡಿಸುವ ಭಾವ ಅದನ್ನು ಗೇರು ಹಿಡಿದಂತೆ ಹಿಡಿದು ಅಲ್ಲಾಡಿಸಿ, ಒಳಗೆ ಏನೋ ಗಲಗಲ ಎಂದದ್ದನ್ನು ಕೇಳಿ, "ಏನಪ್ಪಾ ಭಾಮೈದ, ಇದರೊಳಗೆ ಚಿಲ್ಲರೆ ಇಟ್ಟು ಕಳಿಸಿದಾರಾ?" ಎಂದರು. ಹಿಡಿಯ ತುದಿಗೆ ಬರೀ ಅಂಟಿನಲ್ಲಿ ಕೂರಿಸಿದ್ದ ಗುಂಡು ಖಡ್ಗವನ್ನು ಬಿಟ್ಟುಹೋಗಲೋ ಬೇಡವೋ ಎಂದು ಯೋಚಿಸುತ್ತಿದ್ದ ಸದ್ದು ಅದು. ಸೂರೆ ಮಾಡಲು ಬರುವವನು ದೂರದಿಂದಲೇ ಸದ್ದು ಮಾಡಿ ಜನರಿಗೆ ಓಡಿಹೋಗಲು ಅವಕಾಶ ಕೊಡಬೇಕೆಂಬ ತಮ್ಮ ಮಾನವೀಯತೆ ಬೇರೆ ಯಾವ ಕಂಪನಿಗೆ ಬಂದೀತು? ಒರೆಯ ವಾಸನೆಯನ್ನೂ ಮೆಚ್ಚಲೇಬೇಕು. ಮೂರು ಕೋಣೆಯಾಚೆಗೂ ಖಡ್ಗ ಎಲ್ಲಿದೆಯೆಂದು ಹುಡುಕುವ ಕಷ್ಟವಿಲ್ಲ. ಅಲಗಿನ ಮೇಲೆ ಕೊರೆದ ಪ್ರಾಚೀನ ಅಕ್ಷರಗಳು ತಲೆಕೆಳಗಾಗಿವೆಯೆಂದು ಆಮೇಲೆ ಗೊತ್ತಾಯಿತು. ಇರಲಿ, ಸತ್ತು ಬಿದ್ದವನು ಕೆಳಗಿನಿಂದ ಓದಿಕೊಳ್ಳಲು ಅನುಕೂಲ.

ಇನ್ನು ನನ್ನ ಬುದ್ಧಿವಂತಿಕೆಯ ಭಾಗ. ಅಲಗಿನ ಮೇಲೆ ಬೆರಳಾಡಿಸಿದೆ, ಮೊಂಡು. ಬೆಣ್ಣೆಯೂ ಹೆದರದಷ್ಟು ಮೊಂಡು. ಮಾನ್ಯರೇ, ನಾನು ಅಡುಗೆಮನೆಯವನು. ನಮ್ಮಲ್ಲಿ ಮೊಂಡು ಚಾಕು ಹಿಡಿದು ಬರುವುದೂ ಬಟ್ಟೆಯಿಲ್ಲದೆ ಬರುವುದೂ ಒಂದೇ. ಕಂಪನಿಯವರು ಅವಸರದಲ್ಲಿ ಸಾಣೆ ಹಿಡಿಯುವುದನ್ನು ಮರೆತಿದ್ದಾರೆ, ಪಾಪ, ನಾನೇ ಹಿಡಿದರಾಯಿತೆಂದು ಹೋಟೆಲಿನ ಸಾಣೆ ಯಂತ್ರಕ್ಕೆ ಅದನ್ನು ಒಡ್ಡಿ, ಕಿಡಿ ಹಾರಿಸಿ, ಕೊನೆಗೆ ಕಲ್ಲಿನ ಮೇಲೆ ತೀಡಿ ತೀಡಿ ನಯಮಾಡಿದೆ. ನಮ್ಮ ಮುಖ್ಯ ಅಡುಗೆಯವರು ಹೊಗಳಿಕೆಯನ್ನು ಕೇಸರಿಯಂತೆ ಎಸಳೆಸಳಾಗಿ ಬಳಸುವವರು. ಅವರೇ ಬಂದು, ಒಂದು ಟೊಮೇಟೊವನ್ನು ಅಲಗಿನ ಮೇಲೆ ಬೀಳಿಸಿ, ಅದು ಸದ್ದಿಲ್ಲದೆ ಎರಡಾದದ್ದನ್ನು ಕಂಡು, "ಪರವಾಗಿಲ್ವೇ, ಕೈಯಲ್ಲಿ ಕಸುಬಿದೆ" ಎಂದರು. ನಾನು ಎದೆಯುಬ್ಬಿಸಿ ಖಡ್ಗವನ್ನು ಅಕ್ಕನ ಹಳೆಯ ಚಾಪೆಯಲ್ಲಿ ಸುತ್ತಿಕೊಂಡು ಮೈದಾನಕ್ಕೆ ಹೋದೆ.

ಹಲ್ಲಿನ ಡಾಕ್ಟರು ಮೊದಲು ಗುಂಡನ್ನು ಉಗುರಿನಿಂದ ತಟ್ಟಿ, ಕಿವಿಯಿಟ್ಟು, "ಅಲ್ಲಾಡ್ತಾ ಇದೆ" ಎಂದರು. ಅಲಗಿನ ತುದಿಯನ್ನು ಮರದ ಕೊರಡಿಗೆ ಒತ್ತಿದರು. ಒಳ್ಳೆಯ ಖಡ್ಗ ಬಾಗಿ ಮತ್ತೆ ನೆಟ್ಟಗಾಗಬೇಕಂತೆ, ತಮ್ಮದು ಬಾಗಿದ್ದು ಬಾಗಿದ ಹಾಗೆಯೇ ವಿನಯದಿಂದ ನಿಂತಿತು. "ನೋಡಪ್ಪಾ, ಹೊರಗಡೆ ಹೊಳಪೇನೋ ಚೆನ್ನಾಗಿದೆ. ಆದ್ರೆ ಬೇರು ಗಟ್ಟಿ ಇಲ್ಲ. ಇದನ್ನ ಉಳಿಸ್ಕೊಳ್ಳೋದು ಕಷ್ಟ" ಎನ್ನುತ್ತ ಅಭ್ಯಾಸಬಲದಿಂದ ಅಲಗಿನ ಅಂಚಿನ ಮೇಲೆ ಹೆಬ್ಬೆರಳು ಎಳೆದರು.

ಎಳೆಯಬಾರದಿತ್ತು.

"ಅಯ್ಯೋ ಮಹಾರಾಯ! ಇದಕ್ಕೆ ಸಾಣೆ ಹಿಡಿಸಿದೀಯೇನೋ? ನಾವು ಇಲ್ಲಿ ಆಟ ಆಡೋಕೆ ಬಂದಿರೋದು ಕಣೋ!" ಎಂದು ಅವರು ಕೈ ಕೊಡವಿದರು, ಖಡ್ಗ ಕೆಳಗೆ ಬಿತ್ತು, ಗುಂಡು ಕಳಚಿ ಉರುಳುತ್ತ ಉರುಳುತ್ತ ಎದುರು ಪಡೆಯ ನಾಯಕಿಯ ಪಾದದ ಬಳಿ ನಿಂತಿತು. ಕಾಳಗಕ್ಕೆ ಸಿದ್ಧವೆಂದು ತಾವು ಬರೆದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಕಾಳಗ ಶುರುವಾಗುವ ಮೊದಲೇ ಶರಣಾಗಲೂ ಅದು ಸಿದ್ಧವಿತ್ತು. ಆಟದ ಖಡ್ಗ ಮೊಂಡಾಗಿರಬೇಕೆಂದು ಎಲ್ಲರಿಗೂ ಗೊತ್ತಿತ್ತು, ನನಗೊಬ್ಬನಿಗೆ ಬಿಟ್ಟು.

ಮುಂದಿನ ಸಾಲು ತಪ್ಪಿತು. ಬಂದವನನ್ನು ಬರಿಗೈಲಿ ಕಳಿಸಬಾರದೆಂದು ನನಗೆ ಹೆಣದ ಕೆಲಸ ಕೊಟ್ಟರು. ಕಾಳಗದ ಮೊದಲ ಕೂಗಿಗೆ ನಾನು ಸಾಯಬೇಕು, ಮುಗಿಯುವವರೆಗೆ ಹುಲ್ಲಿನ ಮೇಲೆ ಬಿದ್ದಿರಬೇಕು. ಅವಮಾನದಿಂದ ಕಣ್ಣು ಮುಚ್ಚಿ ಬಿದ್ದಿದ್ದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಧೊಪ್ಪೆಂದು ಇನ್ನೊಂದು ಹೆಣ ಬಿತ್ತು. ಅಂಚೆ ಹಂಚುವ ಹೆಂಗಸು, ತಂಡಕ್ಕೆಲ್ಲ ಅಂಚೆಯಕ್ಕ. "ಸ್ವಲ್ಪ ಆ ಕಡೆ ಸರಿಯಪ್ಪಾ, ನೆರಳಲ್ಲಿ ಸಾಯ್ತೀನಿ" ಎಂದರು. ಆಮೇಲೆ ಒಬ್ಬ ಕೊಳಾಯಿ ರಿಪೇರಿಯವರು ಸತ್ತು ಬಂದು, "ನೀನೇನಾ ಡಾಕ್ಟ್ರಿಗೇ ಆಪರೇಷನ್ ಮಾಡಿದ ಹುಡುಗ? ಬಾರೋ, ಕೈ ಕೊಡು!" ಎಂದು ಮಲಗಿದಲ್ಲಿಂದಲೇ ಕೈ ಚಾಚಿದರು. ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಸೋಫಾ ಮೇಲೆ ಮಲಗಿದರೆ ಬೆನ್ನು ನೋಯುವುದಿಲ್ಲವೇ. ಸತ್ತವರು ಕೇಳಿದಷ್ಟನ್ನು ಬದುಕಿದ್ದವರು ಈವರೆಗೆ ನನ್ನನ್ನು ಕೇಳಿರಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಶ್ರದ್ಧೆಯಿಂದ ಸಾಯುತ್ತಿದ್ದೇನೆ.

ಈ ನಡುವೆ, ಗುಂಡು ಕಳಚಿತೆಂದು ನಾನು ಕಳಿಸಿದ್ದ ದೂರಿಗೆ ಓಗೊಟ್ಟು, ಅದೇ ಮಾದರಿಯ ಇನ್ನೊಂದು ಖಡ್ಗ ಕಳಿಸುತ್ತೇವೆಂದು ತಾವು ಬರೆದಿರಿ. ಅದೇ ಮಾದರಿ ಎಂಬ ಮಾತಿನಲ್ಲಿ ಎಂಥ ಆತ್ಮವಿಶ್ವಾಸ! ಅದಕ್ಕೆ ಉತ್ತರ ಕೊಡುವ ಮೊದಲು ಕಳೆದ ಭಾನುವಾರದ ಸಂಗತಿ ತಮ್ಮ ಗಮನಕ್ಕೆ ತರಬೇಕು. ವರ್ಷದ ದೊಡ್ಡ ಕಾಳಗ ಅಂದು. ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಬಂದ ಡಾಕ್ಟರು ಸ್ವಂತದ ಹಳೆಯ ಖಡ್ಗವನ್ನು ನನ್ನ ಕೈಗಿಟ್ಟು, "ತಗೋ, ಇದು ನಮ್ಮಜ್ಜಿ ಒಸಡಿಗಿಂತ ಮೊಂಡು. ಸಾಲಲ್ಲಿ ನಿಂತ್ಕೋ ಹೋಗು" ಎಂದರು. ನಿಂತೆ. ಎಡಕ್ಕೊಂದು ಭುಜ, ಬಲಕ್ಕೊಂದು ಭುಜ. ಬಯಸಿದ್ದು ಸಿಕ್ಕಿತ್ತು. ಆದರೆ ಅದೃಷ್ಟ ನೋಡಿ, ಎಡಗಡೆಯವರು ಬಿದ್ದರು, ಬಲಗಡೆಯವರು ಬಿದ್ದರು, ಎದುರು ಪಡೆಯೂ ಪೂರ್ತಿ ಮಲಗಿತು. ಇಡೀ ಮೈದಾನದಲ್ಲಿ ನಾನೊಬ್ಬನೇ ಗೆದ್ದು ನಿಂತಿದ್ದೆ, ಕೈಯಲ್ಲಿ ಗುಂಡು ಅಲ್ಲಾಡದ ಒಳ್ಳೆಯ ಖಡ್ಗ. ಕೆಳಗೆ ನೆರಳಿನಲ್ಲಿ ಹೆಣಗಳು ಏನೋ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದವು; ನನಗೆ ಕೇಳಿಸುತ್ತಿರಲಿಲ್ಲ. "ಏಯ್, ಇನ್ನೂ ಅಲ್ಲೇನ್ ಮಾಡ್ತಿದೀಯೋ?" ಎಂದು ಅಂಚೆಯಕ್ಕ ಕೂಗಿದರು. ಯಾರೂ ಹೊಡೆಯದಿದ್ದರೂ ಎದೆ ಹಿಡಿದುಕೊಂಡು ಹೋಗಿ ಅವರ ನಡುವೆ ಸತ್ತೆ.

ಆದ್ದರಿಂದ ದಯವಿಟ್ಟು ಇನ್ನೊಂದು ಖಡ್ಗ ಕಳಿಸಬೇಡಿ. ಕಳಿಸಲೇಬೇಕೆಂದಿದ್ದರೆ ನನ್ನ ಹಾಗೆ ಹೊಸದಾಗಿ ಬಂದ, ಯಾರೂ ಮಾತನಾಡಿಸದ ಇನ್ನೊಬ್ಬನಿಗೆ ಕಳಿಸಿ. ಗುಂಡನ್ನು ಇನ್ನಷ್ಟು ಸಡಿಲವಾಗಿಯೇ ಕೂರಿಸಿ, ಅದು ಸರಿಯಾದವರ ಪಾದದ ಬಳಿಗೇ ಉರುಳುವಂತೆ ವ್ಯವಸ್ಥೆ ಮಾಡಿ. ನೆರಳಿನಲ್ಲಿ ಜಾಗ ನಾವು ಹಿಡಿದಿಟ್ಟಿರುತ್ತೇವೆ.

ಇಂತಿ, ಪ್ರತಿ ಭಾನುವಾರ ದಿವಂಗತನಾಗುವ
ತಮ್ಮ ವಿಶ್ವಾಸಿ

ಮರೆತ ಮಾತು: ತಮ್ಮ ಖಡ್ಗ ಈಗ ಹೋಟೆಲಿನಲ್ಲಿ ದೊಡ್ಡ ಕುಂಬಳಕಾಯಿ ಸೀಳಲು ಬಳಕೆಯಾಗುತ್ತಿದ್ದು, ಮುಖ್ಯ ಅಡುಗೆಯವರು ಬಹಳ ಸಂತೋಷಪಟ್ಟಿದ್ದಾರೆ. ಇದು ಬಹಿರಂಗ ಪತ್ರವಾದರೂ ತಮ್ಮ ಮರ್ಯಾದೆಗೆಂದು ಕಂಪನಿಯ ಹೆಸರನ್ನು ಎಲ್ಲೂ ಹಾಕಿಲ್ಲ. ಕುಂಬಳಕಾಯಿಯ ಮಾತು ಬಂದಾಗ ಯಾರು ಹೆಗಲು ಮುಟ್ಟಿ ನೋಡಿಕೊಂಡರೋ, ಪತ್ರ ಅವರಿಗೇ ತಲುಪಿತೆಂದು ತಿಳಿಯುತ್ತೇನೆ.